ಸಭೆಯಿಂದ ಎದ್ದು ಹೋದರೆ ಸಾಕಾ? ಕೈಗಾರಿಕಾ ನಿವೇಶನ ಮತ್ತು ಹಿತಾಸಕ್ತಿ ಸಂಘರ್ಷ

ಕುಶಾಲನಗರದ ಹತ್ತಿರದ ಕೂಡ್ಲೂರು ಕೈಗಾರಿಕಾ ಪ್ರದೇಶ ನಮ್ಮಲ್ಲಿ ಬಹಳ ಜನ ನೋಡಿರುವ ಜಾಗ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳು ಇರುವುದು ಅಲ್ಲೇ. ಅಂಥದ್ದೇ ಇನ್ನೊಂದು ಜಾಗ ಕೊಡಗು ಜಿಲ್ಲೆಯಲ್ಲಿ ಹೊಸದಾಗಿ ಬರುತ್ತದೆ ಅಂದುಕೊಂಡು ಈ ಪಾಠ ಓದಿ. ಕೆಳಗಿನ ಉದಾಹರಣೆ ಕಲ್ಪಿತ, ಕಾನೂನು ಮಾತ್ರ ಇದ್ದದ್ದು ಇದ್ದ ಹಾಗೆ.

ಹಣ ಹೋಗುವ ದಾರಿ

1966ರ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಕೈಗಾರಿಕಾ ಪ್ರದೇಶ ಅಂತ ಘೋಷಣೆ. 28(1)ರಲ್ಲಿ ಜಮೀನು ಸ್ವಾಧೀನದ ಪ್ರಾಥಮಿಕ ಅಧಿಸೂಚನೆ, 28(4)ರಲ್ಲಿ ಅಂತಿಮ ಅಧಿಸೂಚನೆ. ಆಮೇಲೆ ರಸ್ತೆ, ನೀರು, ಕರೆಂಟು, ಕೊನೆಗೆ ನಿವೇಶನ ಹಂಚಿಕೆ. ₹15 ಕೋಟಿವರೆಗಿನ ಯೋಜನೆಗಳು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿಗೆ ಬರುತ್ತವೆ. ಕಾಮಗಾರಿ ಟೆಂಡರ್‌ಗೆ 1999ರ ಪಾರದರ್ಶಕತೆ ಕಾಯ್ದೆ ಇದೆ. ಅದರ 4(ಜಿ) ವಿನಾಯಿತಿಯನ್ನು ಮರೆಯಬೇಡಿ, ಟೆಂಡರ್ ಇಲ್ಲದೆ ಕೆಲಸ ಕೊಡುವುದು ಆ ಬಾಗಿಲಿನಿಂದ.

ನಿಜವಾಗಿ ಕಷ್ಟದ ಭಾಗ

ಲಂಚ ಬೇರೆ, ಹಿತಾಸಕ್ತಿ ಸಂಘರ್ಷ ಬೇರೆ. ಲಂಚ ಒಂದು ಕೃತ್ಯ. ಸಂಘರ್ಷಕ್ಕೆ ಯಾರೂ ಏನೂ ಮಾಡಬೇಕಿಲ್ಲ. ತೀರ್ಮಾನ ಮಾಡುವವರಿಗೇ ಅದರಿಂದ ಸ್ವಂತಕ್ಕೋ ಮನೆಯವರಿಗೋ ಲಾಭ ಇದ್ದರೆ ಸಂಘರ್ಷ ಆಗಲೇ ಇದೆ. ಇಷ್ಟು ಸುಲಭವಾಗಿ ತಲೆಗೆ ಹೋಗುತ್ತದೆ. ಮುಂದಿನ ಪ್ರಶ್ನೆಯಲ್ಲಿ ಸಿಕ್ಕಿಕೊಳ್ಳುತ್ತೇವೆ: ತನ್ನವರ ಅರ್ಜಿ ಬಂದಾಗ ಸದಸ್ಯರು ಎದ್ದು ಹೊರಗೆ ಹೋದರೆ ಸಾಕಲ್ವಾ?

ಸಾಲದು. ಯಾಕೆ ಅನ್ನುವುದಕ್ಕೆ ಎ.ಕೆ. ಕ್ರೈಪಾಕ್ ಪ್ರಕರಣ ಓದಲೇಬೇಕು. ಸುಪ್ರೀಂ ಕೋರ್ಟ್, 1969. ಜಮ್ಮು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಆಯ್ಕೆ ನಡೆಯುತ್ತಿತ್ತು. ಅಲ್ಲಿನ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಆಯ್ಕೆ ಮಂಡಳಿಯ ಸದಸ್ಯರೂ ಹೌದು, ಅಭ್ಯರ್ಥಿಯೂ ಹೌದು. ತಮ್ಮ ಹೆಸರು ಬಂದಾಗ ಅವರು ಚರ್ಚೆಯಲ್ಲಿ ಕೂರಲಿಲ್ಲ. ಆದರೆ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತಿದ್ದರು. ಪಟ್ಟಿ ತಯಾರಿಸುವಾಗಲೂ ಇದ್ದರು. ಕೋರ್ಟ್ ಆ ಆಯ್ಕೆಯನ್ನೇ ರದ್ದು ಮಾಡಿತು. ಪಕ್ಷಪಾತ ನಡೆದೇ ಹೋಗಿದೆ ಅಂತ ಸಾಬೀತು ಮಾಡಬೇಕಿಲ್ಲ, ಅದಕ್ಕೆ ಸಮಂಜಸವಾದ ಸಾಧ್ಯತೆ ಇದ್ದರೆ ಸಾಕು ಅಂದಿತು.

ಈಗ ಇದನ್ನು ನಮ್ಮ ಉದಾಹರಣೆಗೆ ಹಚ್ಚಿ. ನಾಲ್ಕು ನಿವೇಶನ, ಆರು ಅರ್ಜಿ. ಒಂದು ಅರ್ಜಿ ಸಮಿತಿ ಸದಸ್ಯರೊಬ್ಬರ ಭಾವನ ಕಾಳುಮೆಣಸು ಘಟಕದ್ದು. ಭಾವನ ಅರ್ಜಿ ಬಂತು, ಸದಸ್ಯರು ಹೊರಗೆ ಹೋದರು. ಒಳಗೆ ಬಂದು ಉಳಿದ ಐದು ಅರ್ಜಿಗೆ ಅಭಿಪ್ರಾಯ ಹೇಳಿದರು. ಆ ಐದರಲ್ಲಿ ಎರಡು ಬಿದ್ದರೆ ಭಾವನಿಗೆ ನಿವೇಶನ ಗ್ಯಾರಂಟಿ. ಭಾವನ ಬಗ್ಗೆ ತುಟಿ ಬಿಚ್ಚದೆಯೇ ಅವರಿಗೆ ಅನುಕೂಲ ಮಾಡಿಕೊಡಬಹುದು. ಇದೇ ಹಂತ ಎಲ್ಲರಿಗೂ ಜಾರುವುದು. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಸಿಗದ ಕಡೆ, ಆರೂ ಅರ್ಜಿ ಸೇರಿ ಒಂದೇ ವಿಷಯ. ಹೊರಗೆ ಇರುವುದಾದರೆ ಆರಕ್ಕೂ ಹೊರಗೇ ಇರಬೇಕು.

ನನ್ನ ಪ್ರಕಾರ ಇನ್ನೂ ಹಿಂದಕ್ಕೆ ಹೋಗಬೇಕು. ‘ರಫ್ತಿನ ಅನುಭವ ಇದ್ದವರಿಗೆ ಆದ್ಯತೆ’ ಅಂತ ಮಾನದಂಡ ಬರೆದ ಸಭೆಯಲ್ಲೂ ಅವರು ಇರಬಾರದಿತ್ತು. ಅರ್ಧ ಆಟ ಅಲ್ಲೇ ಮುಗಿದಿರುತ್ತದೆ.

ನೌಕರಿ ಆಯ್ಕೆಯ ತೀರ್ಪು ನಿವೇಶನಕ್ಕೆ ಹೇಗೆ ಅನ್ವಯ ಅಂತ ಕೇಳಬಹುದು. ಆಡಳಿತಾತ್ಮಕ ತೀರ್ಮಾನಕ್ಕೂ ಸಹಜ ನ್ಯಾಯ (ತನ್ನ ವಿಷಯಕ್ಕೆ ತಾನೇ ತೀರ್ಪುಗಾರ ಆಗಬಾರದು ಅನ್ನುವಂಥ ನಿಯಮ) ಅನ್ವಯಿಸುತ್ತದೆ ಅನ್ನುವುದೇ ಆ ತೀರ್ಪಿನ ತಿರುಳು.

ಮಾಹಿತಿ ಹಕ್ಕಿನ ಸುಲಭ ದಾರಿ

‘ಯಾಕೆ ಅವರಿಗೆ ಕೊಟ್ಟಿರಿ?’ ಅಂತ ಕೇಳಬೇಡಿ, ಉತ್ತರ ಬರುವುದಿಲ್ಲ. ಕಾಗದ ಕೇಳಿ. ಸಭಾ ನಡವಳಿ, ಹಾಜರಾತಿ ಹಾಳೆ, ಅರ್ಜಿದಾರರ ಪಟ್ಟಿ. ಯಾರು ಯಾವಾಗ ಹೊರಗೆ ಹೋದರು ಅಂತ ನಡವಳಿಯಲ್ಲಿ ಒಂದು ಸಾಲೂ ಇಲ್ಲದಿದ್ದರೆ ಅದೇ ದೊಡ್ಡ ಮಾಹಿತಿ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ್ದು, 150 ಪದದೊಳಗೆ, ಶುಲ್ಕ ₹10.

ವ್ಯಾಪಾರದ ಗುಟ್ಟು ಅಂತ ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ) ತೋರಿಸಿ ಇಡೀ ಕಡತ ಕೊಡುವುದಿಲ್ಲ ಅಂದರೆ 10ನೇ ಸೆಕ್ಷನ್ ನೆನಪಿಸಿ: ಗುಟ್ಟಿನ ಭಾಗ ತೆಗೆದು ಉಳಿದದ್ದು ಕೊಡಬೇಕು. ಮೇಲ್ಮನವಿಯಲ್ಲಿ ನಿರಾಕರಣೆ ಸರಿ ಅಂತ ತೋರಿಸುವ ಹೊಣೆ ಅಧಿಕಾರಿಯದ್ದು, 19(5). ಸಬ್ಸಿಡಿ ಫಲಾನುಭವಿಗಳ ವಿವರವನ್ನಂತೂ ಯಾರೂ ಕೇಳದೆಯೇ ಪ್ರಕಟಿಸಬೇಕು, 4(1)(ಬಿ).

ಜಮೀನಿನ ತಾರೀಖುಗಳು

ಜಾಗ ಎಲ್ಲಿ ಬರುತ್ತದೆ ಅಂತ ಮೊದಲೇ ಗೊತ್ತಿರುವುದೂ ಹಿತಾಸಕ್ತಿಯೇ. ಪ್ರಸ್ತಾವ ಮೊದಲು ಕಡತಕ್ಕೆ ಬಂದ ದಿನ, 28(1) ಅಧಿಸೂಚನೆಯ ದಿನ, ಈ ಎರಡರ ನಡುವೆ ಯಾರು ಜಮೀನು ಕೊಂಡರು ನೋಡಿ. ಆರ್‌ಟಿಸಿಯಲ್ಲಿರುವ ಎಂಆರ್ (ಮ್ಯುಟೇಶನ್ ರಿಜಿಸ್ಟರ್) ನಂಬರ್ ಹಿಡಿದು ಹೋದರೆ ಮ್ಯುಟೇಶನ್, ಅಂದರೆ ಖಾತೆ ಬದಲಾದ ದಾಖಲೆ, ಸಿಗುತ್ತದೆ.

ಕೊಡಗಿನಲ್ಲಿ ಇದು ಅಷ್ಟು ಸಲೀಸಲ್ಲ. ಜಮ್ಮಾ ಜಮೀನಿನ (ಕೊಡಗಿನ ಹಳೆಯ ವಂಶಪಾರಂಪರ್ಯ ಹಿಡುವಳಿ) ಆರ್‌ಟಿಸಿ ಎಷ್ಟೋ ಕಡೆ ಇನ್ನೂ ಹಿಂದಿನ ಪಟ್ಟೆದಾರರ ಹೆಸರಿನಲ್ಲೇ ಇರುತ್ತದೆ, ಅನುಭವದಲ್ಲಿ ಇರುವವರು ಬೇರೆ. ಬರೀ ಆರ್‌ಟಿಸಿ ನೋಡಿ ಏನೂ ಬದಲಾಗಿಲ್ಲ ಅಂತ ಬರೆದುಬಿಡಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ನೋಂದಣಿಯಾದ ಕರಾರು ಇದೆಯಾ ನೋಡಿ. ನೋಂದಣಿಯಾಗದ ಕರಾರು ಅದರಲ್ಲೂ ಕಾಣುವುದಿಲ್ಲ. ಪರಿಹಾರದ ಹಣ ಕೊನೆಗೆ ಯಾರ ಹೆಸರಿಗೆ ಪಾವತಿಯಾಯಿತು ಅನ್ನುವ ಪಟ್ಟಿಯನ್ನೂ ಅದಕ್ಕೇ ಕೇಳಬೇಕು.