ಗೂಡಿನ ಬೆಲೆ ತೆತ್ತ ಗವಿಹಕ್ಕಿಗಳು

ಸ್ವಿಫ್ಟ್ ಕುಟುಂಬದ ಎರಡು ಪುಟ್ಟ ಗವಿವಾಸಿ ಹಕ್ಕಿಗಳಲ್ಲಿ ಭಾರತೀಯ ಸ್ವಿಫ್ಟ್‌ಲೆಟ್ ಪಶ್ಚಿಮ ಘಟ್ಟ, ಪಶ್ಚಿಮ ಕರಾವಳಿಯ ನಡುಗಡ್ಡೆಗಳು ಮತ್ತು ಶ್ರೀಲಂಕಾದಲ್ಲಿದ್ದರೆ, ಖಾದ್ಯಗೂಡಿನ ಸ್ವಿಫ್ಟ್‌ಲೆಟ್ ಅಂಡಮಾನ್‌-ನಿಕೋಬಾರ್‌ನಿಂದ ಆಗ್ನೇಯ ಏಷ್ಯಾದವರೆಗೆ ಹರಡಿದೆ. ಮುರ್ಡೇಶ್ವರದ ಆಚೆ ಸಮುದ್ರದಲ್ಲಿರುವ ನೇತ್ರಾಣಿಯಲ್ಲೂ ಮೊದಲನೆಯದರ ನೆಲೆ ದಾಖಲಾಗಿದೆ. ಸುಮಾರು 12 ಸೆಂ.ಮೀ. ಉದ್ದದ ಈ ಕಂದು ಹಕ್ಕಿಗಳು ಗವಿಯ ಕತ್ತಲಲ್ಲಿ ಟಿಕ್ ಟಿಕ್ ಎಂದು ಸದ್ದು ಮಾಡಿ, ಅದರ ಮಾರ್ದನಿಯಿಂದ ದಾರಿ ಅರಿಯುತ್ತವೆ. ಬಾವಲಿಗಳ ಶ್ರವಣಾತೀತ ಧ್ವನಿಯಂತಲ್ಲದೆ ಈ ಸದ್ದು ನಮ್ಮ ಕಿವಿಗೂ ಕೇಳಿಸುತ್ತದೆ.

ಇಷ್ಟು ಹತ್ತಿರದ ಸಂಬಂಧಿಗಳ ಪಾಡು ಬೇರೆಯಾದದ್ದು ಗೂಡಿನಿಂದ. ಸಂತಾನ ಕಾಲದಲ್ಲಿ ನಾಲಿಗೆಯ ಕೆಳಗಿನ ಗ್ರಂಥಿಗಳು ಊದಿಕೊಂಡು, ಅಂಟಾದ ಜೊಲ್ಲು ಸ್ರವಿಸುತ್ತದೆ. ಖಾದ್ಯಗೂಡಿನ ಸ್ವಿಫ್ಟ್‌ಲೆಟ್ ಅದನ್ನೇ ಎಳೆಎಳೆಯಾಗಿ ಬಂಡೆಗೆ ಹಚ್ಚುತ್ತ ಹೋಗುತ್ತದೆ. ಒಣಗಿದಾಗ ಬಿಳಿಯ ಅರೆಬಟ್ಟಲೊಂದು ಗೋಡೆಗೆ ಅಂಟಿ ನಿಂತಿರುತ್ತದೆ. ಚೀನೀಯರ ಸೂಪಿಗೆ ಬೇಕಾದದ್ದು ಇದೇ. ಭಾರತೀಯ ಸ್ವಿಫ್ಟ್‌ಲೆಟ್ ಜೊಲ್ಲಿಗೆ ಪಾಚಿ, ಗರಿಗಳನ್ನು ಬೆರೆಸುವುದರಿಂದ ಅದರ ಗೂಡಿಗೆ ಬೆಲೆ ಕಡಿಮೆ.

ಅಂಡಮಾನ್‌-ನಿಕೋಬಾರ್‌ನಲ್ಲಿ 1990ರ ದಶಕದಲ್ಲಿ ಸಮೀಕ್ಷೆ ನಡೆಸಿದ ಪಕ್ಷಿವಿಜ್ಞಾನಿ ರವಿ ಶಂಕರನ್, ಹತ್ತೇ ವರ್ಷಗಳಲ್ಲಿ ಖಾದ್ಯಗೂಡಿನ ಸ್ವಿಫ್ಟ್‌ಲೆಟ್‌ಗಳ ಸಂಖ್ಯೆ ಶೇ. 80ಕ್ಕೂ ಹೆಚ್ಚು ಕುಸಿದಿದೆ ಎಂದು ಅಂದಾಜಿಸಿದರು. ಮೊಟ್ಟೆ, ಮರಿಗಳಿದ್ದರೂ ಲೆಕ್ಕಿಸದೆ ಗೂಡು ಕಿತ್ತದ್ದೇ ಇದಕ್ಕೆ ಮುಖ್ಯ ಕಾರಣ. ಅವರು ಸೂಚಿಸಿದ ಪರಿಹಾರ ನನಗೆ ಇಂದಿಗೂ ವಿವೇಕದ್ದೆನಿಸುತ್ತದೆ: ಗೂಡು ಕೀಳುತ್ತಿದ್ದವರನ್ನೇ ಗವಿಗಳ ಕಾವಲಿಗೆ ನೇಮಿಸುವುದು, ಮರಿಗಳು ಹಾರಿಹೋದ ಮೇಲಷ್ಟೇ ಗೂಡು ತೆಗೆಯುವುದು. ಕಟ್ಟಡಗಳಲ್ಲಿ ಗೂಡು ಕಟ್ಟುವ ಇನ್ನೊಂದು ಸ್ವಿಫ್ಟ್‌ಲೆಟ್‌ನ ಗೂಡುಗಳಿಗೆ ಮೊಟ್ಟೆ ಸಾಗಿಸಿ, ಮನೆಯೊಳಗೇ ಸಂತತಿ ಬೆಳೆಸುವ ಯೋಜನೆಯೂ ಅವರದಾಗಿತ್ತು. ಆದರೆ ಹಕ್ಕಿಯನ್ನು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದಾಗ, ಖಾಲಿ ಗೂಡು ಮಾರುವುದೂ ಅಪರಾಧವಾಗಿ, ಕಾಯುವವರಿಗೆ ಸಿಗಬೇಕಾಗಿದ್ದ ಪ್ರತಿಫಲವೇ ಇಲ್ಲವಾಯಿತು. ಮುಂದೆ ಅದನ್ನು ಆ ಪಟ್ಟಿಯಿಂದ ತೆಗೆಯಬೇಕಾಯಿತು.

ಜಾಗತಿಕ ಕೆಂಪು ಪಟ್ಟಿಯಲ್ಲಿ ಎರಡೂ ಪ್ರಭೇದಗಳು 'ಕನಿಷ್ಠ ಆತಂಕ'ದ ವರ್ಗದಲ್ಲಿವೆ. ಒಟ್ಟು ಹರವನ್ನು ನೋಡಿದರೆ ಅದು ಸರಿಯೇ. ಆದರೆ ನೂರಾರು ಹಕ್ಕಿಗಳು ಒಂದೇ ಗವಿಯನ್ನು ನೆಚ್ಚಿಕೊಂಡಿರುವಾಗ, ಏಣಿ ಹಿಡಿದ ಕೆಲವೇ ಜನ ಒಂದು ಇಡೀ ನೆಲೆಯನ್ನು ಬರಿದುಮಾಡಬಲ್ಲರು ಎಂಬುದನ್ನು ಆ ವರ್ಗೀಕರಣ ಹೇಳುವುದಿಲ್ಲ. ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳಲ್ಲಿ ಭಾರತೀಯ ಸ್ವಿಫ್ಟ್‌ಲೆಟ್‌ನ ಗೂಡುಗಳೂ ಕಳ್ಳಸಾಗಣೆಗೆ ಬಲಿಯಾದವು. ಪಾಚಿ ಬೆರೆತ ಇದರ ಗೂಡಿನಿಂದ ಕಾವಲುಗಾರರ ಸಂಬಳ ಹುಟ್ಟುವುದು ಕಷ್ಟ. ಆದ್ದರಿಂದ ಅಂಡಮಾನಿನ ಮಾದರಿಯನ್ನು ಇಲ್ಲಿಗೆ ಹಾಗೆಯೇ ತರಲಾಗದು, ಗವಿ ಕಾಯುವ ವೆಚ್ಚವನ್ನು ಸರ್ಕಾರ ಮತ್ತು ಸ್ಥಳೀಯ ಸಂಘಟನೆಗಳೇ ಹೊರಬೇಕು.