ಕಾಲ ತಗದ್ರ ನಮ್ಮ ನಾಯಿ ಉಳೀತದೇನ್ರಿ?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಎಂಟು ವರ್ಷ, ತೂಕ 30 ಕೆ.ಜಿ. ಎರಡು ತಿಂಗಳ ಹಿಂದೆ ಎಡ ಮುಂಗಾಲು ಕುಂಟಲು ಶುರು ಮಾಡಿತು. ಮೆಟ್ಟಿಲಿಂದ ಜಿಗಿದು ಉಳುಕಿರಬೇಕು ಅಂತ ಎಣ್ಣೆ ಹಚ್ಚಿ ತಿಕ್ಕಿದೆವು. ನೋವಿನ ಇಂಜೆಕ್ಷನ್ ಹಾಕಿಸಿದರೆ ನಾಲ್ಕು ದಿನ ಆರಾಮ, ಮತ್ತೆ ಅದೇ ಹಾಡು. ಈಗ ಮಣಿಕಟ್ಟಿನ ಮೇಲೆ ಕಲ್ಲಿನಂಥ ಬಾವು. ಎಕ್ಸ್‌ರೇ ನೋಡಿದ ಡಾಕ್ಟರು ‘ಎಲುಬಿನ ಕ್ಯಾನ್ಸರ್ ಇದ್ದಂಗದ, ಕಾಲು ತೆಗೀಬೇಕಾಗ್ತದ’ ಅಂದರು. ಕಾಲು ತೆಗೆದರೆ ಉಳೀತದೇನು? ಮೂರು ಕಾಲಿನ ಮ್ಯಾಲೆ ಇಡೋದು ಪಾಪ ಅಲ್ಲೇನು? (ಓದುಗರು, ಧಾರವಾಡ)

ಉತ್ತರ: ಕಾಲು ತೆಗೆದರೆ ನೋವು ಹೋಗುತ್ತದೆ. ರೋಗವೂ ಹೋಗುತ್ತದೆ ಎಂದು ನಾನು ಹೇಳಲಾರೆ. ಈ ಎರಡನ್ನೂ ಒಂದೇ ಅಂದುಕೊಂಡು ಎಷ್ಟೋ ಮನೆಗಳಲ್ಲಿ ಜಗಳ ಆಗಿದ್ದನ್ನು ಕಂಡಿದ್ದೇನೆ. ಒಬ್ಬರು ‘ತೆಗೆಸಿಬಿಡೋಣ, ಬದುಕಲಿ’ ಅಂತಾರೆ. ಇನ್ನೊಬ್ಬರು ‘ಹೆಂಗಿದ್ರೂ ಹೋಗೋ ಜೀವ, ಸುಮ್ಮನ ಯಾಕ ಕೊಯ್ಸೋದು’ ಅಂತಾರೆ. ಇಬ್ಬರದೂ ಆಯುಷ್ಯದ ಲೆಕ್ಕವೇ. ಆ ಎಲುಬಿನ ನೋವು ಎಂಥದು ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

ಹಾವೇರಿ ಕಡೆಯ ರೈತರೊಬ್ಬರು ನನ್ನೆದುರು ಹೀಗೇ ವಾದ ಹೂಡಿದ್ದರು: ‘ನಮ್ಮ ಎತ್ತಿಗೆ ಕೋಡಿನ ಕ್ಯಾನ್ಸರ್ ಆಗಿತ್ತು, ಕೋಡು ತೆಗೆಸಿದ್ವಿ, ಮರುವರ್ಷ ಹೊಲ ಹೂಡಿತು. ನಾಯಿ ಕಾಲು ತೆಗೆದ್ರ ಯಾಕ ಆರಾಮಾಗಬಾರದು?’ ಒಳ್ಳೆಯ ಪ್ರಶ್ನೆ. ಎತ್ತಿನ ಕೋಡಿನ ಕ್ಯಾನ್ಸರ್ ಕೋಡಿನ ಒಳಪೊರೆಯಲ್ಲಿ ಹುಟ್ಟುತ್ತದೆ, ಬಹಳ ಕಾಲ ಇದ್ದಲ್ಲೇ ಇರುತ್ತದೆ, ದೂರದ ಅಂಗಗಳಿಗೆ ಹೋಗುವುದು ಕಡಿಮೆ. ಬೇಗ ಕಂಡು ಬೇಗ ತೆಗೆದರೆ ಎತ್ತು ಗೆದ್ದ ಹಾಗೆ. ನಾಯಿಯ ಎಲುಬಿನಲ್ಲಿ ಹುಟ್ಟುವ ಆಸ್ಟಿಯೋಸಾರ್ಕೋಮಾದ ಚಾಳಿಯೇ ಬೇರೆ. ಅದು ರಕ್ತದ ದಾರಿ ಹಿಡಿದು ಪುಪ್ಪುಸಕ್ಕೆ ಮೊದಲೇ ಬೀಜ ಒಗೆದಿರುತ್ತದೆ. ರೋಗ ಗೊತ್ತಾದ ದಿನ ಎದೆಯ ಎಕ್ಸ್‌ರೇ ತೆಗೆದರೆ ನೂರರಲ್ಲಿ ಹತ್ತು-ಹದಿನೈದು ನಾಯಿಗಳಲ್ಲಷ್ಟೇ ಗಂಟು ಕಾಣುತ್ತದೆ. ಆದರೆ ಕಣ್ಣಿಗೆ ಕಾಣದ ಕಣಗಳು ಸುಮಾರು ತೊಂಬತ್ತರಲ್ಲಿ ಅಷ್ಟೊತ್ತಿಗೇ ಸೇರಿಕೊಂಡಿರುತ್ತವೆ. ಅರ್ಧ ಸೆಂಟಿಮೀಟರ್‌ಗಿಂತ ಚಿಕ್ಕ ಗಂಟನ್ನು ಎಕ್ಸ್‌ರೇ ಹಿಡಿಯುವುದೇ ಇಲ್ಲ. ‘ಎದಿ ಕ್ಲೀನ್ ಅದ’ ಎಂಬ ಮಾತನ್ನು ಆ ಮಿತಿಯಲ್ಲೇ ಕೇಳಿಸಿಕೊಳ್ಳಿ.

ಹಾಗಾದರೆ ಕಾಲು ಯಾಕೆ ತೆಗೆಯಬೇಕು? ಒಂದು ಸಲ ಆ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಲುಬಿನ ತುದಿ ಗೆದ್ದಲು ಹತ್ತಿದ ತೊಲೆಯಂತೆ ಒಳಗೊಳಗೇ ಕರಗಿರುತ್ತದೆ. ಹೊರಗೆ ಹೊಸ ಎಲುಬು ದಿಕ್ಕಾಪಾಲಾಗಿ, ಸೂರ್ಯನ ಕಿರಣದ ಹಾಗೆ ಚಾಚಿರುತ್ತದೆ. ಅಲ್ಲಿಂದ ಒಂದೆರಡು ಬೆರಳು ಆಚೆಗಿರುವ ಕೀಲು ಮಾತ್ರ ಸ್ವಚ್ಛ. ಈ ರೋಗ ಸಾಮಾನ್ಯವಾಗಿ ಕೀಲು ದಾಟುವುದಿಲ್ಲ, ಗುರುತು ಹಿಡಿಯಲು ಅದೂ ಒಂದು ಸುಳಿವು. ಅಂಥ ಎಲುಬಿನ ಮೇಲೆ ನಾಯಿ ದಿನಾ ಭಾರ ಹಾಕುತ್ತದೆ. ಒಂದು ದಿನ ಗೇಟಿನ ಸದ್ದಿಗೆ ಎದ್ದು ಓಡಿದಾಗ ಅದು ಲಟಕ್ಕನೆ ಮುರಿಯಬಹುದು. ಹಾಗೆ ಮುರಿದದ್ದಕ್ಕೆ ಪ್ಲಾಸ್ಟರ್ ಹಾಕಿದರೂ ಕೂಡುವುದಿಲ್ಲ.

ಎಣ್ಣೆ ತಿಕ್ಕುವುದನ್ನು ಇವತ್ತೇ ನಿಲ್ಲಿಸಿ. ಎಲುಬು ಕಟ್ಟುವವರ ಹತ್ತಿರ ಒಯ್ದು ಬಿದಿರು ಚಕ್ಕೆ ಬಿಗಿಸುವುದು, ಬಿಸಿ ಇಟ್ಟಿಗೆ ಇಡುವುದು, ಬರೆ ಹಾಕಿಸುವುದು ಯಾವುದೂ ಬೇಡ. ಉಳುಕಿದ ಕಾಲಿಗೆ ಇವುಗಳಿಂದ ಏನಾಗುತ್ತದೋ ಬಿಡಿ, ಈ ಎಲುಬಿಗಂತೂ ಮುರಿಯಲು ದಾರಿ.

ಈ ರೋಗಕ್ಕೆ ಜಾಗದ ಆಯ್ಕೆಯೂ ಇದೆ. ನಾವು ಕಲಿಯುವಾಗ ಬಾಯಿಪಾಠ ಮಾಡಿದ ಮಾತು: ಮೊಣಕೈಯಿಂದ ದೂರ, ಮೊಣಕಾಲಿಗೆ ಹತ್ತಿರ. ಅಂದರೆ ಮುಂಗಾಲಿನಲ್ಲಿ ಭುಜದ ಬಳಿ ಅಥವಾ ಮಣಿಕಟ್ಟಿನ ಮೇಲೆ, ಹಿಂಗಾಲಿನಲ್ಲಿ ಮೊಣಕಾಲಿನ ಆಚೆ-ಈಚೆ. ನಾಯಿಯ ಮೈಭಾರದಲ್ಲಿ ನೂರಕ್ಕೆ ಸುಮಾರು ಅರವತ್ತು ಭಾಗ ಮುಂಗಾಲುಗಳ ಮೇಲೆ ಬೀಳುತ್ತದೆ, ರೋಗವೂ ಅಲ್ಲೇ ಹಿಂಗಾಲಿನ ಎರಡು ಪಟ್ಟು. ದೊಡ್ಡ ತಳಿಗಳಲ್ಲೇ ಹೆಚ್ಚು: ಗ್ರೇಟ್ ಡೇನ್, ರಾಟ್‌ವೀಲರ್, ಸೇಂಟ್ ಬರ್ನಾರ್ಡ್, ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್. ವಯಸ್ಸು ಏಳು ದಾಟಿದವು ಜಾಸ್ತಿ, ಆದರೆ ಒಂದೂವರೆ-ಎರಡು ವರ್ಷದ ಮರಿಪ್ರಾಯದಲ್ಲೂ ಕೆಲವು ಸಿಗುತ್ತವೆ. ನಿಮ್ಮ ನಾಯಿಯ ವಯಸ್ಸು, ತಳಿ, ಜಾಗ ಮೂರೂ ಹೊಂದುತ್ತವೆ ಎಂದು ಹೇಳಲು ನನಗೆ ಸಂಕಟವಾಗುತ್ತದೆ.

ಆದರೂ ‘ಇದ್ದಂಗದ’ ಎಂಬ ಮಾತಿನ ಮೇಲೆ ಕಾಲು ಕೊಯ್ಯಬಾರದು. ನಮ್ಮ ಕಡೆ ನಾಯಿ ಕುಂಟಿದರೆ ಹತ್ತು ಕಾರಣ. ಉಣ್ಣಿ ಜ್ವರದಲ್ಲಿ ಕೀಲುಗಳು ಬಾತು ಕುಂಟುತ್ತದೆ, ಡಾಕ್ಸಿಸೈಕ್ಲಿನ್ ಶುರು ಮಾಡಿದ ಎರಡು-ಮೂರು ದಿನಕ್ಕೆ ಎದ್ದು ಓಡಾಡುತ್ತದೆ. ಮಂಡಿಯೊಳಗಿನ ಕಟ್ಟು ಹರಿದಿರಬಹುದು, ವಯಸ್ಸಿನ ಸಂಧಿವಾತ ಇರಬಹುದು. ಎಲುಬಿನೊಳಗೆ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರದ ಸೋಂಕು ಹೊಕ್ಕರಂತೂ ಎಕ್ಸ್‌ರೇಯಲ್ಲಿ ಥೇಟ್ ಕ್ಯಾನ್ಸರಿನಂತೆಯೇ ಕಂಡು ಯಾಮಾರಿಸುತ್ತದೆ. ನಾನೇ ಯಾಮಾರಿದ್ದೇನೆ, ಅದೂ ಉಲ್ಟಾ ದಿಕ್ಕಿನಲ್ಲಿ. ವಯಸ್ಸಾದ ಜರ್ಮನ್ ಶೆಫರ್ಡ್ ಒಂದನ್ನು ಸಂಧಿವಾತ ಎಂದೇ ತಿಳಿದು ತಿಂಗಳು ಪೂರ್ತಿ ಗುಳಿಗೆ ಕೊಟ್ಟಿದ್ದೆ. ಐದನೇ ವಾರ ಭುಜದ ಕೆಳಗೆ ಹೆಬ್ಬೆರಳಿಟ್ಟು ಒತ್ತಿದೆ, ಕೀಲಿನ ಮೇಲಲ್ಲ, ಎಲುಬಿನ ಮೇಲೆ. ಅದು ಕಚ್ಚಲಿಲ್ಲ. ತಿರುಗಿ ನನ್ನ ಕೈ ನೆಕ್ಕಿತು, ‘ಅಲ್ಲಿ ಬ್ಯಾಡ’ ಅನ್ನೋ ಹಾಗೆ. ಅಂದಿನಿಂದ ಎರಡು ವಾರಕ್ಕಿಂತ ಹೆಚ್ಚು ಕುಂಟುವ ದೊಡ್ಡ ನಾಯಿಗೆ ಎಕ್ಸ್‌ರೇ ಇಲ್ಲದೆ ಮೂರನೇ ಇಂಜೆಕ್ಷನ್ ಕೊಡುವುದನ್ನು ಬಿಟ್ಟಿದ್ದೇನೆ.

ಖಾತ್ರಿ ಮಾಡಿಕೊಳ್ಳಲು ಎರಡು ದಾರಿ. ಮಂಪರು ಕೊಟ್ಟು ಸಪೂರ ಸೂಜಿಯಿಂದ ಜೀವಕೋಶ ಎಳೆದು ಗಾಜಿನ ಮೇಲೆ ಹರಡಿ ನೋಡುವುದು ಒಂದು. ದಪ್ಪ ಟೊಳ್ಳು ಸೂಜಿಯಿಂದ ಎಲುಬಿನ ಚೂರನ್ನೇ ತೆಗೆದು ಬಯಾಪ್ಸಿಗೆ ಕಳಿಸುವುದು ಇನ್ನೊಂದು. ಚೂರನ್ನು ಬಾವಿನ ನಡುಮಧ್ಯದಿಂದ ತೆಗೆಯಬೇಕು. ಅಂಚಿನಿಂದ ತೆಗೆದರೆ ಮೈ ಕಟ್ಟಿಕೊಂಡ ಬರೇ ಹೊಸ ಎಲುಬು ಸಿಕ್ಕು ‘ಏನೂ ಇಲ್ಲ’ ಎಂದು ರಿಪೋರ್ಟ್ ಬರಬಹುದು. ಎಲುಬನ್ನು ಮೊದಲು ಆಮ್ಲದಲ್ಲಿ ನೆನೆಹಾಕಿ ಮೆತ್ತಗೆ ಮಾಡಿಯೇ ತೆಳ್ಳಗೆ ಹೆಚ್ಚಬೇಕು, ಹಾಗಾಗಿ ವರದಿ ತಡ. ‘ಇನ್ನೂ ಬಂದಿಲ್ಲೇನ್ರಿ’ ಎಂದು ದಿನಾ ಫೋನ್ ಮಾಡಿದರೂ ಆಮ್ಲ ಅವಸರ ಮಾಡುವುದಿಲ್ಲ. ಎಕ್ಸ್‌ರೇ ಬಹಳ ಸ್ಪಷ್ಟವಾಗಿದ್ದು, ನಾಯಿ ಕಾಲೂರಲೂ ಆಗದೆ ನರಳುತ್ತಿದ್ದರೆ ಮಾತ್ರ ಮೊದಲು ಕಾಲು ತೆಗೆದು, ತೆಗೆದದ್ದನ್ನು ಪರೀಕ್ಷೆಗೆ ಕಳಿಸುವುದೂ ಉಂಟು. ಜತೆಗೆ ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಮಟ್ಟ ನೋಡಿಸಿ. ಅದು ಏರಿದ್ದರೆ ಮುಂದಿನ ದಿನಗಳು ಕಡಿಮೆ ಎಂದು ಅರ್ಥ.

ಈಗ ನೀವು ಕೇಳಿದ ಆಯುಷ್ಯದ ಲೆಕ್ಕ. ಬರೀ ನೋವಿನ ಗುಳಿಗೆಯ ಮೇಲೆ ಇಟ್ಟರೆ ಹೆಚ್ಚಿನ ನಾಯಿಗಳನ್ನು ಒಂದರಿಂದ ಮೂರು ತಿಂಗಳೊಳಗೆ, ನೋವು ತಡೆಯಲಾಗದೆ, ಕಳಿಸಿಕೊಡಬೇಕಾಗುತ್ತದೆ. ಕಾಲು ತೆಗೆದರೆ ಸರಾಸರಿ ನಾಲ್ಕೈದು ತಿಂಗಳು, ಆದರೆ ನೋವಿಲ್ಲದ ತಿಂಗಳು. ಕಾಲು ತೆಗೆದು ಕೀಮೋ ಕೊಟ್ಟರೆ ಹತ್ತರಿಂದ ಹನ್ನೆರಡು ತಿಂಗಳು, ಐದರಲ್ಲಿ ಒಂದು ನಾಯಿ ಎರಡು ವರ್ಷವನ್ನೂ ದಾಟುತ್ತದೆ. ಎಂಟು ವರ್ಷದ ಲ್ಯಾಬ್ರಡಾರ್‌ಗೆ ಒಂದು ವರ್ಷ ಸಣ್ಣದೇನಲ್ಲ.

ಕೀಮೋ ಅಂದ ಕೂಡಲೇ ಜನ ಕೂದಲು ಉದುರಿದ ಮನುಷ್ಯರನ್ನು ನೆನೆಸಿಕೊಂಡು ಬೇಡ ಅಂತಾರೆ. ನಾಯಿಗೆ ಅಷ್ಟು ಬಿರುಸಾಗಿ ಕೊಡುವುದಿಲ್ಲ, ಬಹುತೇಕ ತಳಿಗಳ ಕೂದಲು ಉದುರುವುದಿಲ್ಲ. ಬಳಸುವ ಔಷಧ ಕಾರ್ಬೋಪ್ಲಾಟಿನ್, ಮನುಷ್ಯರಿಗೆ ಕೊಡುವುದೇ. ಲೆಕ್ಕ ತೂಕದ ಮೇಲಲ್ಲ, ಮೈಯ ವಿಸ್ತೀರ್ಣದ ಮೇಲೆ: ಚದರ ಮೀಟರಿಗೆ 300 ಮಿ.ಗ್ರಾಂ. ನಿಮ್ಮ 30 ಕೆ.ಜಿ. ನಾಯಿಯ ಮೈ ಒಂದು ಚದರ ಮೀಟರಿಗೆ ತುಸು ಕಡಿಮೆ, ಹಾಗಾಗಿ ಒಂದು ಸಲಕ್ಕೆ ಸುಮಾರು 290 ಮಿ.ಗ್ರಾಂ, 150ರ ಎರಡು ಬಾಟಲಿಗಳಿಗೆ ಹತ್ತಿರ. ಮೂರು ವಾರಕ್ಕೊಮ್ಮೆ, ನಾಲ್ಕರಿಂದ ಆರು ಸಲ. ಪ್ರತಿ ಸಲಕ್ಕೂ ಮುಂಚೆ ರಕ್ತಕಣಗಳ ಎಣಿಕೆ ಆಗಲೇಬೇಕು. ಕೊಟ್ಟ ನಾಲ್ಕೈದು ದಿನ ಅದರ ಉಚ್ಚೆ ಬಳಿಯುವಾಗ ಕೈಗವಸು ಹಾಕಿಕೊಳ್ಳಿ, ಬಸುರಿಯರು ಆ ಕೆಲಸಕ್ಕೆ ಬೇಡ. ಇದೇ ಬಳಗದ ಸಿಸ್‌ಪ್ಲಾಟಿನ್ ಬೆಕ್ಕಿಗೆ ವಿಷ, ಅದನ್ನು ಬೆಕ್ಕಿಗೆ ಎಂದೂ ಕೊಡುವುದಿಲ್ಲ. ರೇಡಿಯೇಷನ್ ಕೊಟ್ಟು ನೋವು ತಗ್ಗಿಸುವ ಪದ್ಧತಿಯೂ ಇದೆ, ಹುಬ್ಬಳ್ಳಿ-ಧಾರವಾಡದ ನಾಯಿಗೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗದುಗಿನ ಪಶುವೈದ್ಯ ಕಾಲೇಜು ಹತ್ತಿರವಿದೆ. ಬೆಂಗಳೂರಿನ ಹೆಬ್ಬಾಳದ ಕಾಲೇಜಿಗೆ ರಾತ್ರಿಯಿಡೀ ಪ್ರಯಾಣ, ಮುರಿಯಲು ಕಾದಿರುವ ಕಾಲಿಟ್ಟುಕೊಂಡು ಹೋಗುವ ಮುಂಚೆ ಫೋನಿನಲ್ಲೇ ಮಾತಾಡಿಕೊಳ್ಳಿ.

ಮೂರು ಕಾಲಿನ ಪಾಪದ ಮಾತಿಗೆ ಬರೋಣ. ನಿಮ್ಮ ನಾಯಿ ಈಗಾಗಲೇ ಮೂರೇ ಕಾಲಿನ ಮೇಲೆ ಓಡಾಡುತ್ತಿದೆ. ನಾಲ್ಕನೆಯದು ನೋವಿನ ಮೂಟೆಯಾಗಿ ಜೋತುಬಿದ್ದಿದೆ, ಅಷ್ಟೇ. ಮುಂಗಾಲನ್ನು ಹೆಗಲ ಹಲಗೆಯ ಸಮೇತ ತೆಗೆಯುತ್ತಾರೆ, ಮೋಟು ಉಳಿಸುವುದಿಲ್ಲ, ಉಳಿಸಿದರೆ ತಾಗಿ ತಾಗಿ ಹುಣ್ಣಾಗುತ್ತದೆ. ಆಪರೇಷನ್ ಆದ ಒಂದೆರಡು ದಿನಕ್ಕೆ ಹೆಚ್ಚಿನವು ಎದ್ದು ನಿಲ್ಲುತ್ತವೆ, ತಿಂಗಳೊಳಗೆ ಗೇಟಿಗೆ ಓಡುತ್ತವೆ. ಅಳುವವರು ಮನೆಯವರು. ಒಂದು ಮುಧೋಳ ನಾಯಿ ಮೂರನೇ ದಿನ ಹೊಲಿಗೆ ಇರುವಾಗಲೇ ಬೆಕ್ಕಿನ ಹಿಂದೆ ಹೋಗಿ ನನ್ನ ಕೈಲಿ ಬೈಸಿಕೊಂಡಿತ್ತು. ಆ ತಳಿಯ ಮೈ ಹಗುರ, ಕುಣಿದಾಡಲು ಅನುಕೂಲ. ಆದರೆ ಕೊಬ್ಬು ಕಡಿಮೆ ಇರುವುದರಿಂದ ಥಯೋಪೆಂಟೋನ್‌ನಂಥ ಅರಿವಳಿಕೆಯಿಂದ ಎಚ್ಚರವಾಗಲು ತಡ, ಅದನ್ನು ಡಾಕ್ಟರಿಗೆ ನೆನಪಿಸಬೇಕು. ನಿಮ್ಮದು ಲ್ಯಾಬ್ರಡಾರ್, ಅಂದರೆ ಬಾಯಿಚಪಲ. ತೂಕ ಇಳಿಸದೆ ಮೂರು ಕಾಲಿಗೆ ನ್ಯಾಯವಿಲ್ಲ, ಚಪಾತಿ ತುಣುಕಿನ ಪ್ರೀತಿ ಕಡಿಮೆ ಮಾಡಿ. ಸೊಂಟದ ಕೀಲು ಕೆಟ್ಟಿದ್ದರೆ, ನರದ ತೊಂದರೆ ಇದ್ದರೆ ಕಾಲು ತೆಗೆಯುವುದನ್ನು ನಾನೂ ಬೇಡ ಅಂತೀನಿ. ಮನೆಯ ನುಣುಪು ಟೈಲ್ಸ್ ಮೇಲೆ ಹಳೆಯ ಕೌದಿ ಹಾಸಿ. ಗೋಣಿಚೀಲವಾದರೂ ಆದೀತು.

ಮೈಮೇಲಿನ ಮೆತ್ತನೆಯ ಗಂಟುಗಳ ಬಗ್ಗೆಯೂ ಇದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ, ಅಲ್ಲಿ ಲೆಕ್ಕ ತಿರುಗಾ-ಮುರುಗಾ. ಚರ್ಮದಡಿಯ ಸ್ನಾಯು, ಕೊಬ್ಬು, ನರದ ಹೊದಿಕೆಯಲ್ಲಿ ಹುಟ್ಟುವ ಸಾರ್ಕೋಮಾ ಎಂಬ ಕ್ಯಾನ್ಸರ್ ಗಂಟುಗಳಲ್ಲಿ ಹೆಚ್ಚಿನವು ಪುಪ್ಪುಸಕ್ಕೆ ಹೋಗುವುದು ಕಡಿಮೆ. ಆದರೆ ಇದ್ದಲ್ಲೇ ಬೇರು ಬಿಡುತ್ತವೆ. ಇಲ್ಲಿ ಚಾಕುವೇ ಔಷಧ, ಅದೂ ಮೊದಲನೇ ಸಲದ ಚಾಕು. ಹೊರಗಿನಿಂದ ಚಂದದ ಚೀಲದಲ್ಲಿ ಕೂತಂತೆ ಕಾಣುತ್ತದೆ, ಆ ಚೀಲವೂ ಕ್ಯಾನ್ಸರಿನ ಕೋಶಗಳೇ ಒತ್ತೊತ್ತಾಗಿ ಆದದ್ದು. ‘ಕೊಬ್ಬಿನ ಗಂಟು, ಹತ್ತು ನಿಮಿಷದ ಕೆಲಸ’ ಎಂದು ಹುಣಸೆ ಬೀಜ ಬಿಡಿಸಿದಂತೆ ಹಿಂಡಿ ತೆಗೆದು ಬಕೆಟ್ಟಿಗೆ ಒಗೆದಿದ್ದ ಒಂದು ಪ್ರಕರಣ ನನ್ನ ಬಳಿ ಬಂದಾಗ ಗಂಟು ಎರಡು ಪಟ್ಟಾಗಿತ್ತು. ಪರೀಕ್ಷೆಗೆ ಕಳಿಸಿದ್ದ ಕಾಗದ ಕೇಳಿದೆ, ಇರಲಿಲ್ಲ. ಸರಿಯಾಗಿ ತೆಗೆಯುವುದೆಂದರೆ ಸುತ್ತ ಮೂರು ಸೆಂಟಿಮೀಟರ್ ಒಳ್ಳೆಯ ಚರ್ಮ, ಕೆಳಗೆ ಒಂದು ಪದರ ಸೇರಿಸಿ ತೆಗೆಯುವುದು. ನಾಲ್ಕು ಸೆಂಟಿಮೀಟರಿನ ಲಿಂಬೆಯಂಥ ಗಂಟಿಗೆ ಹತ್ತು ಸೆಂಟಿಮೀಟರಿನ ಗಾಯ. ಕಾಲಿನ ಕೆಳಭಾಗದಲ್ಲಿ ಅಷ್ಟು ಚರ್ಮ ಎಲ್ಲಿಂದ ತರುವುದು? ಅದಕ್ಕೇ ಗಂಟು ಬಟಾಣಿಯಷ್ಟಿರುವಾಗ ಸೂಜಿ ಚುಚ್ಚಿ ನೋಡಿ ಎನ್ನುವುದು. ತೆಗೆದದ್ದನ್ನು ಅದರ ಹತ್ತುಪಟ್ಟು ಫಾರ್ಮಾಲಿನ್‌ನಲ್ಲಿ ಹಾಕಿ ಕಳಿಸಲೇಬೇಕು, ಅಂಚು ಸ್ವಚ್ಛವಿದೆಯೋ ಇಲ್ಲವೋ ಆ ವರದಿಯೇ ಹೇಳಬೇಕು.

ಬೆಕ್ಕಿನವರಿಗೆ ಒಂದು ಮಾತು: ಲಸಿಕೆ ಅಥವಾ ಇಂಜೆಕ್ಷನ್ ಕೊಟ್ಟ ಜಾಗದ ಗಂಟು ಮೂರು ತಿಂಗಳಾದರೂ ಕರಗದಿದ್ದರೆ, ಎರಡು ಸೆಂಟಿಮೀಟರ್ ದಾಟಿದರೆ, ಇಲ್ಲವೇ ಒಂದು ತಿಂಗಳ ಮೇಲೂ ಬೆಳೆಯುತ್ತಲೇ ಇದ್ದರೆ ಬಯಾಪ್ಸಿ ಮಾಡಿಸಿ. ಹಾಗಂತ ರೇಬೀಸ್ ಲಸಿಕೆ ತಪ್ಪಿಸಬೇಡಿ, ಇಂಥ ಗಂಟು ಬಹಳ ಅಪರೂಪ. ಬೆಕ್ಕಿಗೆ ಎಲುಬಿನ ಕ್ಯಾನ್ಸರ್ ಬಂದರೂ ಅದು ನಿಧಾನದ್ದು, ಕಾಲು ತೆಗೆದ ಮೇಲೆ ವರ್ಷಗಟ್ಟಲೆ ಇರುತ್ತವೆ.

‘ಮಕ್ಕಳಿಗೆ ಅಂಟತದೇನು’ ಅಂತ ಕೇಳಲು ಹಿಂಜರಿಯುವವರಿಗೆ: ಇಲ್ಲ, ಅಂಟುವುದಿಲ್ಲ.

ನೋವು ತಗ್ಗಿಸಲೆಂದು ಮನೆಯ ಗುಳಿಗೆ ಡಬ್ಬಿಗೆ ಕೈ ಹಾಕಬೇಡಿ. ಡೈಕ್ಲೋಫೆನ್ಯಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಕೆಡಿಸುತ್ತವೆ. ಬೆಕ್ಕಿಗೆ ಒಂದು ಪ್ಯಾರಾಸಿಟಮಾಲ್ ಸಾಕು, ಜೀವ ಹೋಗುತ್ತದೆ. ಮೆಲಾಕ್ಸಿಕ್ಯಾಮ್ ನಾಯಿಗೂ ಕೊಡುತ್ತೇವೆ ನಿಜ, ಆದರೆ ನಿಮ್ಮ ನಾಯಿಗೆ ದಿನಕ್ಕೆ ಸುಮಾರು 3 ಮಿ.ಗ್ರಾಂ, ಅಂಗಡಿಯಲ್ಲಿ ಸಿಗುವ ಮನುಷ್ಯರ ಗುಳಿಗೆ 7.5 ಅಥವಾ 15ರದ್ದು. ಅದರ ಜತೆ ಸ್ಟೀರಾಯ್ಡ್ ಇಂಜೆಕ್ಷನ್ ಬಿದ್ದರೆ ಹೊಟ್ಟೆಯೊಳಗೆ ಹುಣ್ಣೆದ್ದು ರಕ್ತ ಸುರಿಯುತ್ತದೆ.

ನಿಮ್ಮ ಮನೆಯಲ್ಲಿ ಕಾಲು ತೆಗೆಸಲು ಒಪ್ಪಿಗೆ ಬರದೇ ಹೋದರೆ ನಾನು ಬೈಯುವುದಿಲ್ಲ. ಆದರೆ ಆಗ ರಾತ್ರಿ ನಿದ್ದೆ ಬಿಟ್ಟು ಅತ್ತಿತ್ತ ತಿರುಗುವುದು, ಅನ್ನದ ತಟ್ಟೆಗೆ ಮುಖ ತಿರುಗಿಸುವುದು ಶುರುವಾದ ವಾರವೇ ದಯಾಮರಣದ ಮಾತು ಎತ್ತಬೇಕು, ಎಲುಬು ಮುರಿಯುವ ತನಕ ಕಾಯಬಾರದು.

ಈ ವಾರ ಮಾಡಬೇಕಾದದ್ದು ಇಷ್ಟು: ಎದೆಯ ಎಕ್ಸ್‌ರೇ ಮೂರು ಭಂಗಿಗಳಲ್ಲಿ, ಎಡಕ್ಕೆ, ಬಲಕ್ಕೆ, ಅಂಗಾತ. ಅದೇ ದಿನ ಸೂಜಿ ಪರೀಕ್ಷೆಯನ್ನೂ ಮುಗಿಸಬಹುದು. ಮಂಪರು ಕೊಡಬೇಕಾದೀತು, ಹಿಂದಿನ ರಾತ್ರಿಯ ಊಟದ ನಂತರ ಏನೂ ಹಾಕಬೇಡಿ, ನೀರು ಇರಲಿ. ಮೆಟ್ಟಿಲು ಹತ್ತಿಸಬೇಡಿ, ಕಾರಿಗೆ ಜಿಗಿಯಲು ಬಿಡಬೇಡಿ, ಕೌದಿಯಲ್ಲಿ ಮಲಗಿಸಿ ಇಬ್ಬರು ಎತ್ತಿಡಿ. ಹಳೆಯ ಎಕ್ಸ್‌ರೇ, ಈವರೆಗೆ ಕೊಟ್ಟ ಗುಳಿಗೆಗಳ ಖಾಲಿ ಸ್ಟ್ರಿಪ್‌ಗಳು ಜತೆಗಿರಲಿ.