ಇಂಪೋರ್ಟ್ ಮಾಡಿದ ಸೇಲ್ಸ್ ಆರ್ಡರ್‌ಗಳಲ್ಲಿ ಬ್ರಾಂಚ್ ಯಾಕೆ ಖಾಲಿ?

ಪ್ರಶ್ನೆ: ನಮ್ಮ ಕಂಪನಿಯಲ್ಲಿ ಆರ್ಡರ್, ಬಿಲ್, ಲೆಕ್ಕ ಎಲ್ಲ ನೋಡಿಕೊಳ್ಳುವ ಇಆರ್‌ಪಿನೆಕ್ಸ್ಟ್ ಸಾಫ್ಟ್‌ವೇರ್ ಇದೆ. ಬ್ರಾಂಚ್ ಅನ್ನು ಅಕೌಂಟಿಂಗ್ ಡೈಮೆನ್ಷನ್ (ಲೆಕ್ಕದ ಎಂಟ್ರಿಗಳನ್ನು ಬೇರೆ ಬೇರೆಯಾಗಿ ನೋಡಲು ಹಾಕುವ ಗುರುತು) ಮಾಡಿಕೊಂಡು, ಡೀಫಾಲ್ಟ್ ಬ್ರಾಂಚ್ ಕೂಡ ಕೊಟ್ಟಿದ್ದೇವೆ. ಸೇಲ್ಸ್ ಆರ್ಡರನ್ನು ಕೈಯಲ್ಲಿ ಟೈಪ್ ಮಾಡಿದರೆ ಬ್ರಾಂಚ್ ತಾನಾಗಿ ಬರುತ್ತದೆ. ಎಕ್ಸೆಲ್‌ನಿಂದ ಇಂಪೋರ್ಟ್ ಮಾಡಿದರೆ ಆರ್ಡರ್ ಬರುತ್ತದೆ, ಬ್ರಾಂಚ್ ಮಾತ್ರ ಖಾಲಿ. ಆರ್ಡರ್ ಸಬ್ಮಿಟ್ ಕೂಡ ಆಗುತ್ತದೆ, ಆಮೇಲೆ ಇನ್‌ವಾಯ್ಸ್ ಮಾಡುವಾಗ ಎರರ್. ಎಲ್ಲಿ ತಪ್ಪುತ್ತಿದೆ?

ಮೊದಲು ನೇರ ಉತ್ತರ. ನಿಮ್ಮ ಹಾಳೆಯಲ್ಲಿ ಬ್ರಾಂಚ್‌ಗೆ ಎರಡು ಕಾಲಂ ಇರಬೇಕು: ಆರ್ಡರಿನ ಮೇಲ್ಭಾಗಕ್ಕೆ ಒಂದು, ಐಟಂ ಸಾಲುಗಳಿಗೆ ಇನ್ನೊಂದು. ಎರಡನ್ನೂ ನೀವೇ ತುಂಬಬೇಕು. ಡೀಫಾಲ್ಟ್ ಇದೆಯಲ್ಲ, ಅದು ನೋಡಿಕೊಳ್ಳುತ್ತದೆ ಅಂತ ಬಿಡಬೇಡಿ.

ಯಾಕೆ ಅಂದರೆ, ಫಾರಂ ತೆರೆದಾಗ ಡೀಫಾಲ್ಟ್ ಬ್ರಾಂಚ್ ತುಂಬುವುದು, ಮೊದಲ ಸಾಲಿನ ಬ್ರಾಂಚನ್ನು ಮುಂದಿನ ಸಾಲಿಗೆ ನಕಲು ಮಾಡುವುದು, ಇದನ್ನೆಲ್ಲ ಮಾಡುವುದು ನಿಮ್ಮ ಬ್ರೌಸರ್‌ನಲ್ಲಿ ಓಡುವ ಸ್ಕ್ರಿಪ್ಟ್. ಡೇಟಾ ಇಂಪೋರ್ಟ್ ಮಾಡುವಾಗ ಯಾವ ಫಾರಮ್ಮೂ ತೆರೆದುಕೊಳ್ಳುವುದಿಲ್ಲ. ಹಾಳೆಯಲ್ಲಿ ಇದ್ದದ್ದು ನೇರವಾಗಿ ಸರ್ವರ್‌ಗೆ ಹೋಗಿ ಸೇವ್ ಆಗುತ್ತದೆ. ಹಾಗಾಗಿ ಹಾಳೆಯಲ್ಲಿ ಖಾಲಿ ಇದ್ದರೆ ಆರ್ಡರಿನಲ್ಲೂ ಖಾಲಿ. ಇಲ್ಲಿ ಒಂದು ಗೊಂದಲ ಆಗುತ್ತದೆ. ಇನ್‌ವಾಯ್ಸ್ ಮಾಡುವಾಗ ಕಾಸ್ಟ್ ಸೆಂಟರ್ (ಖರ್ಚು, ಆದಾಯ ಯಾವ ವಿಭಾಗದ್ದು ಅನ್ನುವ ಗುರುತು) ಐಟಂನ ಅಥವಾ ಐಟಂ ಗ್ರೂಪಿನ ಡೀಫಾಲ್ಟ್‌ನಿಂದ ತಾನಾಗಿ ಬಂದುಬಿಡಬಹುದು. ಅದನ್ನು ನೋಡಿ ಬ್ರಾಂಚ್ ಕೂಡ ಹಾಗೇ ಬರಬೇಕಿತ್ತಲ್ವಾ ಅನ್ನಿಸುತ್ತದೆ. ಕಾಸ್ಟ್ ಸೆಂಟರ್ ಮತ್ತು ಪ್ರಾಜೆಕ್ಟ್ ಈ ಸಾಫ್ಟ್‌ವೇರ್ ಜೊತೆಗೇ ಬರುವ ಡೈಮೆನ್ಷನ್‌ಗಳು. ನೀವು ಆಮೇಲೆ ಸೇರಿಸಿದ್ದಕ್ಕೆ ಆ ದಾರಿ ಇಲ್ಲ.

ಇನ್ನು ಎರರ್ ಅಷ್ಟು ತಡವಾಗಿ ಯಾಕೆ ಬರುತ್ತದೆ? ಸೇಲ್ಸ್ ಆರ್ಡರ್ ಅಂದರೆ ಗಿರಾಕಿ ಜೊತೆ ಆದ ಒಪ್ಪಂದ ಅಷ್ಟೇ, ಲೆಕ್ಕದ ಪುಸ್ತಕಕ್ಕೆ ಅದರಿಂದ ಒಂದು ಎಂಟ್ರಿಯೂ ಹೋಗುವುದಿಲ್ಲ. ಡೈಮೆನ್ಷನ್ ಸೆಟ್ಟಿಂಗ್‌ನಲ್ಲಿ ಪ್ರತಿ ಕಂಪನಿಗೂ ಎರಡು ಟಿಕ್ ಇವೆ: ಪ್ರಾಫಿಟ್ ಅಂಡ್ ಲಾಸ್ ಖಾತೆಗೆ ಕಡ್ಡಾಯ, ಬ್ಯಾಲೆನ್ಸ್ ಶೀಟ್ ಖಾತೆಗೆ ಕಡ್ಡಾಯ. ಈ ಕಡ್ಡಾಯ ಜಾರಿಗೆ ಬರುವುದು ಲೆಡ್ಜರ್ ಎಂಟ್ರಿ ಬೀಳುವ ಹೊತ್ತಿನಲ್ಲಿ, ಅಂದರೆ ನಿಮ್ಮ ವಿಷಯದಲ್ಲಿ ಇನ್‌ವಾಯ್ಸ್ ಸಬ್ಮಿಟ್ ಮಾಡುವಾಗ. ಆ ಹೊತ್ತಿಗೆ ಆರ್ಡರ್ ಸಬ್ಮಿಟ್ ಆಗಿ, ಮಾಲು ಹೊರಟು, ಗಿರಾಕಿ ಬಿಲ್ ಕಳಿಸಿ ಅಂತ ಫೋನ್ ಮಾಡುತ್ತಿರುತ್ತಾರೆ. ಅಷ್ಟರವರೆಗೆ ಯಾರಿಗೂ ಏನೂ ಗೊತ್ತಾಗಿರುವುದಿಲ್ಲ. ಎರಡೂ ಟಿಕ್ ಹಾಕದೇ ಇದ್ದರೆ ಇನ್ನೂ ಕಷ್ಟ. ಎರರ್ ಕೂಡ ಬರುವುದಿಲ್ಲ, ವರ್ಷದ ಕೊನೆಯಲ್ಲಿ ಬ್ರಾಂಚ್‌ವಾರು ಲಾಭ ನಷ್ಟ ತೆಗೆದಾಗ ಯಾವ ಬ್ರಾಂಚ್‌ಗೂ ಸೇರದ ಮಾರಾಟ ಒಂದು ರಾಶಿ ಬಿದ್ದಿರುತ್ತದೆ. ಅದಕ್ಕೇ ನನ್ನ ಮಟ್ಟಿಗೆ ಪ್ರಾಫಿಟ್ ಅಂಡ್ ಲಾಸ್ ಟಿಕ್ ಇರಲೇಬೇಕು. ಎರರ್ ಬಂದು ಕೆಲಸ ನಿಂತರೂ ಪರವಾಗಿಲ್ಲ, ಸುಮ್ನೆ ತಪ್ಪು ಲೆಕ್ಕ ಕೂರುವುದಕ್ಕಿಂತ ಅದೇ ವಾಸಿ.

ಮೇಲ್ಭಾಗದಲ್ಲಿ ಒಂದು ಬ್ರಾಂಚ್ ಕೊಟ್ಟರೆ ಸಾಲದಾ, ಪ್ರತಿ ಸಾಲಿಗೂ ಯಾಕೆ ಅಂತ ಕೇಳಬಹುದು. ಇನ್‌ವಾಯ್ಸ್‌ನಿಂದ ಲೆಡ್ಜರ್ ಎಂಟ್ರಿ ಮಾಡುವಾಗ ಸಾಫ್ಟ್‌ವೇರ್ ಮೊದಲು ಐಟಂ ಸಾಲಿನ ಬ್ರಾಂಚ್ ನೋಡುತ್ತದೆ, ಅಲ್ಲಿ ಇಲ್ಲದಿದ್ದರೆ ಮೇಲ್ಭಾಗದ್ದನ್ನು ತೆಗೆದುಕೊಳ್ಳುತ್ತದೆ. ಆದ್ದರಿಂದ ಒಂದು ಆರ್ಡರ್, ಒಂದೇ ಬ್ರಾಂಚ್, ಒಂದೇ ಇನ್‌ವಾಯ್ಸ್ ಆಗಿದ್ದರೆ ಮೇಲ್ಭಾಗ ಸಾಕು, ಲೆಕ್ಕ ಸರಿಯಾಗೇ ಕೂರುತ್ತದೆ. ಆದರೆ ಒಂದು ಇನ್‌ವಾಯ್ಸ್‌ಗೆ ಎರಡು ಆರ್ಡರ್‌ಗಳ ಐಟಂ ಎಳೆದುಕೊಂಡಿರಿ, ಒಂದು ಹುಬ್ಬಳ್ಳಿಯದು, ಇನ್ನೊಂದು ಮೈಸೂರಿನದು ಅಂದುಕೊಳ್ಳಿ. ಇನ್‌ವಾಯ್ಸ್‌ನ ಮೇಲ್ಭಾಗದಲ್ಲಿ ಇರುವುದು ಒಂದೇ ಬ್ರಾಂಚ್. ಸಾಲುಗಳು ಖಾಲಿ ಇದ್ದರೆ ಎರಡೂ ಊರಿನ ಮಾರಾಟ ಆ ಒಂದಕ್ಕೇ ಹೋಗುತ್ತದೆ. ಎರರ್ ಇಲ್ಲ, ಏನಿಲ್ಲ. ಸಾಲುಗಳಲ್ಲಿ ಬ್ರಾಂಚ್ ಇದ್ದರೆ ಅದು ಆರ್ಡರಿನಿಂದ ಡೆಲಿವರಿ ನೋಟ್‌ಗೆ, ಅಲ್ಲಿಂದ ಇನ್‌ವಾಯ್ಸ್‌ಗೆ ಸಾಲಿನ ಜೊತೆಗೇ ಹೋಗುತ್ತದೆ.

ಹಾಗಂತ ಸಾಲು ಮಾತ್ರ ತುಂಬಿ ಮೇಲ್ಭಾಗ ಬಿಡುವ ಹಾಗೂ ಇಲ್ಲ. ಗಿರಾಕಿಯಿಂದ ಬರಬೇಕಾದ ಬಾಕಿಯ ಎಂಟ್ರಿ ಯಾವ ಐಟಂಗೂ ಸೇರಿದ್ದಲ್ಲ, ಅದು ಮೇಲ್ಭಾಗದ ಬ್ರಾಂಚನ್ನೇ ನೋಡುತ್ತದೆ. ಜಿಎಸ್‌ಟಿ ಸಾಲಿಗೂ ಹಾಗೇ, ತೆರಿಗೆ ಟೇಬಲ್‌ನಲ್ಲಿ ಬ್ರಾಂಚ್ ಬರೆದಿಲ್ಲದಿದ್ದರೆ ಮೇಲ್ಭಾಗದ್ದೇ. ಇವೆಲ್ಲ ಬ್ಯಾಲೆನ್ಸ್ ಶೀಟ್ ಖಾತೆಗಳು. ನೀವು ಆ ಎರಡನೇ ಟಿಕ್ ಹಾಕಿದ್ದರೆ ಇಲ್ಲೂ ಎರರ್ ಬರುತ್ತದೆ.

ಈಗ ಹಾಳೆಯ ವಿಷಯ. ಡೇಟಾ ಇಂಪೋರ್ಟ್‌ಗೆ ಹೋಗಿ ಸೇಲ್ಸ್ ಆರ್ಡರ್ ಆರಿಸಿ ಟೆಂಪ್ಲೇಟ್ ಇಳಿಸಿಕೊಳ್ಳಿ. ಬೇರೆಯವರು ಕೊಟ್ಟ ಹಳೇ ಹಾಳೆ ಬೇಡ, ಯಾಕೆಂದರೆ ಡೈಮೆನ್ಷನ್ ಮಾಡುವ ಮೊದಲಿನ ಹಾಳೆಯಲ್ಲಿ ಆ ಕಾಲಂ ಇರುವುದೇ ಇಲ್ಲ. ಟೆಂಪ್ಲೇಟ್ ಇಳಿಸುವ ಕಿಟಕಿಯಲ್ಲಿ ಬ್ರಾಂಚ್ ಎರಡು ಕಡೆ ಕಾಣುತ್ತದೆ, ಆರ್ಡರಿನ ಫೀಲ್ಡುಗಳಲ್ಲಿ ಒಮ್ಮೆ, ಐಟಮ್ಸ್ ಟೇಬಲ್‌ನ ಫೀಲ್ಡುಗಳಲ್ಲಿ ಇನ್ನೊಮ್ಮೆ. ಎರಡಕ್ಕೂ ಟಿಕ್ ಹಾಕಿ. ಹಾಳೆಯಲ್ಲಿ ಎರಡನೆಯದರ ಹೆಸರಿನ ಪಕ್ಕ ಕಂಸದಲ್ಲಿ ಐಟಮ್ಸ್ ಅಂತ ಇರುತ್ತದೆ, ಅದರಿಂದ ಗುರುತು ಹಿಡಿಯಬಹುದು. ಡೈಮೆನ್ಷನ್ ಈಗಷ್ಟೇ ಮಾಡಿದ್ದರೆ ಸ್ವಲ್ಪ ಕಾಯಿರಿ. ಎಲ್ಲಾ ಫಾರಂಗಳಿಗೂ ಆ ಫೀಲ್ಡ್ ಸೇರಿಸುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತದೆ, ಮುಗಿಯುವ ಮೊದಲು ಟೆಂಪ್ಲೇಟ್ ತೆಗೆದರೆ ಕಾಲಂ ಸಿಗುವುದಿಲ್ಲ. ಕಾದ ಮೇಲೆ ಪೇಜ್ ರೀಲೋಡ್ ಮಾಡಿ ನೋಡಿ.

ಒಂದು ಆರ್ಡರಿನಲ್ಲಿ ಮೂರು ಐಟಂ ಇದ್ದರೆ ಹಾಳೆಯಲ್ಲಿ ಮೂರು ಸಾಲು. ಗಿರಾಕಿ ಹೆಸರು, ತಾರೀಖು, ಮೇಲ್ಭಾಗದ ಬ್ರಾಂಚ್ ಮೊದಲ ಸಾಲಿನಲ್ಲಿ ಮಾತ್ರ ಇರಲಿ, ಉಳಿದ ಎರಡರಲ್ಲಿ ಖಾಲಿ ಬಿಡಿ. ಐಟಂ ಬ್ರಾಂಚ್ ಮಾತ್ರ ಮೂರರಲ್ಲೂ ಬೇಕು. ಸಾಮಾನ್ಯವಾಗಿ ತಪ್ಪುವುದು ಇಲ್ಲೇ: ಮೇಲ್ಭಾಗದ ಕಾಲಂಗಳ ಹಾಗೆ ಇದನ್ನೂ ಮೊದಲ ಸಾಲಿಗೆ ಬರೆದು ಉಳಿದವನ್ನು ಬಿಟ್ಟುಬಿಡುತ್ತಾರೆ.

ಮುಂದಿನ ತೊಂದರೆ ಹೆಸರಿನದು. ಬ್ರಾಂಚ್ ಹೆಸರು ಮಾಸ್ಟರ್‌ನಲ್ಲಿ, ಅಂದರೆ ಸಾಫ್ಟ್‌ವೇರ್‌ನಲ್ಲಿರುವ ಬ್ರಾಂಚ್ ಪಟ್ಟಿಯಲ್ಲಿ, ಹೇಗಿದೆಯೋ ಹಾಗೇ ಬರೆಯಬೇಕು. ನಮ್ಮ ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ತಲೆನೋವು ಸೇರಿಕೊಂಡಿದೆ. 2014ರ ನವೆಂಬರ್ 1ರಿಂದ ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು, ಹುಬ್ಳಿ ಹುಬ್ಬಳ್ಳಿ ಆಯಿತು, ಮೈಸೋರ್ ಮೈಸೂರು ಆಯಿತು. ಮಾಸ್ಟರ್ ಮಾಡಿದವರು ಹಳೇ ಸ್ಪೆಲ್ಲಿಂಗ್ ಹಾಕಿರುತ್ತಾರೆ, ಆರ್ಡರ್ ಹಾಳೆ ಕಳಿಸುವ ಸೇಲ್ಸ್‌ನವರು ಹೊಸದನ್ನು ಹಾಕುತ್ತಾರೆ. ಸಾಫ್ಟ್‌ವೇರ್‌ಗೆ ಅವೆರಡು ಬೇರೆ ಬೇರೆ ಊರು. ಬ್ರಾಂಚ್ ಸಿಗಲಿಲ್ಲ ಅಂತ ಇಂಪೋರ್ಟ್ ನಿಲ್ಲಿಸುತ್ತದೆ. ಆಗ ಕೆಲವರು ಹೊಸ ಸ್ಪೆಲ್ಲಿಂಗ್‌ನಲ್ಲಿ ಇನ್ನೊಂದು ಬ್ರಾಂಚ್ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಒಂದೇ ಊರಿನ ಲೆಕ್ಕ ಎರಡು ಪಾಲಾಗುತ್ತದೆ. ಎಕ್ಸೆಲ್‌ನಲ್ಲಿ ಬ್ರಾಂಚ್ ಕಾಲಂಗೆ ಡ್ರಾಪ್‌ಡೌನ್ ಹಾಕಿ ಕೊಟ್ಟರೆ ಈ ತೊಂದರೆ ಶುರುವಿನಲ್ಲೇ ಮುಗಿಯುತ್ತದೆ. ಬ್ರಾಂಚ್ ಬದಲು ಡಿಪಾರ್ಟ್‌ಮೆಂಟ್ ಬಳಸುವವರು ಇನ್ನೊಂದು ಗಮನಿಸಿ, ಅಲ್ಲಿ ಹೆಸರಿನ ಕೊನೆಗೆ ಕಂಪನಿಯ ಚಿಕ್ಕ ಹೆಸರು ಅಡ್ಡಗೆರೆ ಜೊತೆ ಸೇರಿಕೊಂಡಿರುತ್ತದೆ. ಕಾಸ್ಟ್ ಸೆಂಟರ್‌ಗೂ ಹಾಗೇ. ಬರೀ ಸೇಲ್ಸ್ ಅಂತ ಬರೆದರೆ ಸಿಗುವುದಿಲ್ಲ, ಬಾಲದ ಸಮೇತ ಬರೆಯಬೇಕು.

ಎರಡು ಊರಿದ್ದರೆ ಎರಡು ಕಂಪನಿಯನ್ನೇ ಮಾಡಿದರೆ ಆಗಲ್ವಾ ಅನ್ನುವವರೂ ಇದ್ದಾರೆ. ಜಿಎಸ್‌ಟಿ ನೋಂದಣಿ ಇರುವುದು ರಾಜ್ಯದ ಲೆಕ್ಕದಲ್ಲಿ, ಸಾಮಾನ್ಯವಾಗಿ ಹುಬ್ಬಳ್ಳಿ ಮೈಸೂರು ಎರಡಕ್ಕೂ ಒಂದೇ ನಂಬರ್ ಸಾಕು. ಬ್ರಾಂಚ್‌ವಾರು ಲಾಭ ನೋಡುವುದಕ್ಕೆ ಡೈಮೆನ್ಷನ್ನೇ ಸರಿ.

ಇಂಪೋರ್ಟ್ ಮಾಡುವಾಗ ಸಬ್ಮಿಟ್ ಆಫ್ಟರ್ ಇಂಪೋರ್ಟ್ ಅನ್ನುವುದಕ್ಕೆ ಟಿಕ್ ಹಾಕಬೇಡಿ. ಡ್ರಾಫ್ಟ್ ಆಗೇ ಬರಲಿ. ಮೊದಲು ಒಂದೇ ಆರ್ಡರ್, ಎರಡು ಬ್ರಾಂಚಿನ ಎರಡು ಐಟಂ ಇರುವಂಥದ್ದು, ಟೆಸ್ಟ್ ಸೈಟ್ ಇದ್ದರೆ ಅಲ್ಲೇ ಹಾಕಿ. ಅದನ್ನು ಸಬ್ಮಿಟ್ ಮಾಡಿ, ಇನ್‌ವಾಯ್ಸ್ ಮಾಡಿ, ಜನರಲ್ ಲೆಡ್ಜರ್ ತೆಗೆದು ಮಾರಾಟದ ಎಂಟ್ರಿ ಎರಡು ಬ್ರಾಂಚ್‌ಗೂ ಹಂಚಿಹೋಗಿದೆಯಾ ನೋಡಿ. ಅದು ಸರಿ ಬಂದ ಮೇಲೆ ಉಳಿದ ಹಾಳೆ.

ಈಗಾಗಲೇ ಖಾಲಿ ಬಂದಿರುವ ಆರ್ಡರ್‌ಗಳಿಗೆ ಏನು ಮಾಡುವುದು? ಡ್ರಾಫ್ಟ್‌ನಲ್ಲಿದ್ದರೆ ಸುಲಭ. ಆರ್ಡರ್ ಐಡಿ, ಐಟಂ ಸಾಲುಗಳ ಐಡಿ, ಬ್ರಾಂಚ್ ಕಾಲಂಗಳನ್ನು ಎಕ್ಸ್‌ಪೋರ್ಟ್ ಮಾಡಿಕೊಂಡು ತುಂಬಿ, ಅಪ್ಡೇಟ್ ಎಕ್ಸಿಸ್ಟಿಂಗ್ ರೆಕಾರ್ಡ್ಸ್ ಆಯ್ಕೆಯಲ್ಲಿ ಮತ್ತೆ ಹಾಕಿ. ಸಾಲಿನ ಐಡಿ ಇಲ್ಲದಿದ್ದರೆ ಅದನ್ನು ಹೊಸ ಸಾಲು ಅಂದುಕೊಳ್ಳುತ್ತದೆ, ಅದಕ್ಕೇ ಆರ್ಡರಿನ ಎಲ್ಲಾ ಸಾಲುಗಳೂ ಐಡಿ ಸಮೇತ ಹಾಳೆಯಲ್ಲಿ ಇರಲಿ. ಸಬ್ಮಿಟ್ ಆಗಿದ್ದರೆ ಬದಲಾಯಿಸಲು ಬಿಡುವುದಿಲ್ಲ. ಕಸ್ಟಮೈಸ್ ಫಾರಂಗೆ ಹೋಗಿ ಆ ಫೀಲ್ಡ್‌ಗೆ ಅಲೋ ಆನ್ ಸಬ್ಮಿಟ್ ಕೊಡಬಹುದು, ಮೇಲ್ಭಾಗಕ್ಕೆ ಬೇರೆ, ಸೇಲ್ಸ್ ಆರ್ಡರ್ ಐಟಂಗೆ ಬೇರೆ. ಆರ್ಡರ್‌ಗಳು ಕಡಿಮೆ ಇದ್ದರೆ ಅದೂ ಬೇಡ, ಇನ್‌ವಾಯ್ಸ್ ಡ್ರಾಫ್ಟ್‌ನಲ್ಲೇ ಬ್ರಾಂಚ್ ತುಂಬಿ ಸಬ್ಮಿಟ್ ಮಾಡಿದರೆ ಲೆಕ್ಕ ಸರಿ ಹೋಗುತ್ತದೆ. ಇನ್‌ವಾಯ್ಸ್ ಕೂಡ ಸಬ್ಮಿಟ್ ಆಗಿಹೋಗಿದ್ದರೆ ಆರ್ಡರನ್ನು ತಿದ್ದಿ ಪ್ರಯೋಜನವಿಲ್ಲ. 15ನೇ ಆವೃತ್ತಿಯಲ್ಲಿ ಸಬ್ಮಿಟ್ ಆದ ಇನ್‌ವಾಯ್ಸ್‌ನ ಡೈಮೆನ್ಷನ್ ಬದಲಿಸಿ ಲೆಡ್ಜರ್ ಎಂಟ್ರಿಗಳನ್ನು ರೀಪೋಸ್ಟ್ ಮಾಡುವ, ಅಂದರೆ ಹೊಸದಾಗಿ ಬರೆಸುವ, ದಾರಿ ಇದೆ. ಅದನ್ನು ಮಾಡುವ ಮೊದಲು ನಿಮ್ಮ ಆಡಿಟರ್‌ಗೆ ಒಂದು ಮಾತು ಹೇಳಿ.